ಪ್ರೆಶರ್ ಸೆನ್ಸರ್ ಕೇಬಲ್ ಶಾರ್ಟ್ ಆದರೆ ಇಡೀ ಬೋರ್ಡ್ ಆಫ್ ಆಗ್ತಿದೆ

ಪ್ರಶ್ನೆ, ಸಿದ್ದಾಪುರ ಕಡೆಯಿಂದ:
ಕಾಫಿಗೆ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸ್ತೀವಿ. ಕೆರೆ ಪಂಪ್ ಹತ್ತಿರ ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕಿ ಓಡಿಸೋ ಚಿಕ್ಕ ಬೋರ್ಡ್), 12 ವೋಲ್ಟ್ ಬ್ಯಾಟರಿ. ಅಲ್ಲಿಂದ ಪೈಪ್‌ಲೈನ್ ತುದಿಯ 10 ಬಾರ್ ಸೆನ್ಸರ್‌ಗೆ (ಸಿಗ್ನಲ್ 0.5ರಿಂದ 4.5 ವೋಲ್ಟ್) ಉದ್ದದ ಕೇಬಲ್. ಆನೆ ತುಳಿದು ಕೇಬಲ್ ಜಜ್ಜಿಹೋದರೆ 5 ವೋಲ್ಟ್ ಗ್ರೌಂಡ್‌ಗೆ ಶಾರ್ಟ್. ಬೋರ್ಡೂ ಆಫ್, ಪಂಪ್ ನಿಲ್ಲಿಸೋ ರಿಲೇನೂ ಆಫ್. ಸೆನ್ಸರ್‌ಗೇ ಬೇರೆ 7805 (5 ವೋಲ್ಟ್ ಕೊಡೋ ರೆಗ್ಯುಲೇಟರ್ ಐಸಿ) ಕೊಟ್ಟೆ. ಈಗ ಗೇಜ್‌ನಲ್ಲಿ 4 ಬಾರ್ ಇದ್ದರೆ ಬೋರ್ಡ್ 4.3 ತೋರಿಸ್ತಿದೆ. ಪ್ರೋಗ್ರಾಂನಲ್ಲೇ 0.3 ಕಳೆದುಬಿಡಲಾ?

ಉತ್ತರ, ಮಡಿಕೇರಿ:
ಬೇಡ ಅಣ್ಣಾ. ಮೊದಲು ಮೀಟರ್ ಹಿಡಿದು ಬೋರ್ಡಿನ 5 ವೋಲ್ಟ್, 7805ರ ಔಟ್‌ಪುಟ್ ಎರಡನ್ನೂ ನೋಡಿ ಹೇಳಿ.

ಸಿದ್ದಾಪುರ:
ಬೋರ್ಡ್ 4.9, 7805 5.2.

ಮಡಿಕೇರಿ:
ಅಲ್ಲೇ ಇದೆ ತೊಂದರೆ. ಈ ಸೆನ್ಸರ್ ತನಗೆ ಸಿಕ್ಕ ವೋಲ್ಟೇಜಿನ ಪಾಲನ್ನು ವಾಪಸ್ ಕಳಿಸುತ್ತೆ. ಊನೊ ಅದನ್ನು ತನ್ನ 5 ವೋಲ್ಟಿಗೆ ಹೋಲಿಸಿ ಅಳೆಯುತ್ತೆ. ಎರಡೂ ಒಂದೇ ಆಗಿದ್ದರೆ 4.9 ಇದ್ದರೂ ಲೆಕ್ಕ ಸರಿ. ಬೇರೆ ಬೇರೆ ಆದರೆ ಪ್ರೆಶರ್ ಏರಿದಷ್ಟೂ ತಪ್ಪೂ ಏರುತ್ತೆ, ಹಾಗಾಗಿ 0.3 ಕಳೆದರೆ 4 ಬಾರ್‌ನಲ್ಲಿ ಮಾತ್ರ ಸರಿಹೋಗುತ್ತೆ. 7805 ಕೆಟ್ಟಿಲ್ಲ, 4.8ರಿಂದ 5.2ರವರೆಗೆ ಅದಕ್ಕೆ ಅವಕಾಶ ಇದೆ.

ನಿಮಗೆ ಬೇಕಿರೋದು ಟ್ರ್ಯಾಕಿಂಗ್ ರೆಗ್ಯುಲೇಟರ್, ಅಂದರೆ ತೋರಿಸಿದ ವೋಲ್ಟೇಜನ್ನೇ ಹಿಂಬಾಲಿಸಿ ಅಷ್ಟನ್ನೇ ಕೊಡೋ ಐಸಿ. ಟಿಪಿಎಸ್7ಬಿ4250 ನೋಡಿ: 50 ಮಿಲಿಆಂಪ್ ಕೊಡುತ್ತೆ, ನಿಮ್ಮ ಸೆನ್ಸರ್‌ಗೆ ಧಾರಾಳ. ಇನ್‌ಪುಟ್ ಪಿನ್ ಬ್ಯಾಟರಿಗೆ (ಫ್ಯೂಸ್ ಮರೀಬೇಡಿ), ಅಡ್ಜಸ್ಟ್ ಪಿನ್ ಬೋರ್ಡಿನ 5 ವೋಲ್ಟಿಗೆ, ಔಟ್‌ಪುಟ್ ಕೇಬಲ್‌ಗೆ. ಬೋರ್ಡ್ 4.9 ಅಂದರೆ ಇದೂ 4.9, ವ್ಯತ್ಯಾಸ 5 ಮಿಲಿವೋಲ್ಟ್ ಒಳಗೆ. ಕರೆಂಟ್ ಬರೋದು ಬ್ಯಾಟರಿಯಿಂದ, ಬೋರ್ಡಿನಿಂದ ಅಲ್ಲ. ಕೇಬಲ್ ಗ್ರೌಂಡ್‌ಗೆ ತಾಗಿದರೆ ಐಸಿ ಕರೆಂಟ್ ತಡೆಯುತ್ತೆ, ಬಿಸಿಯಾದರೆ ತಾನೇ ಆಫ್ ಆಗುತ್ತೆ, ಬೋರ್ಡ್ ಓಡ್ತಾನೇ ಇರುತ್ತೆ. ಔಟ್‌ಪುಟ್ ಹತ್ತಿರ 1 ಮೈಕ್ರೋಫ್ಯಾರಡ್‌ಗಿಂತ ಕಡಿಮೆ ಇಲ್ಲದ ಸೆರಾಮಿಕ್ ಕೆಪಾಸಿಟರ್ ಇರಲೇಬೇಕು. ಐಸಿ ತೀರಾ ಚಿಕ್ಕದು, ಅಡಾಪ್ಟರ್ ಬೋರ್ಡ್ ಮೇಲೆ ಬೆಸುಗೆ ಹಾಕಿ.

ಗೋಣಿಕೊಪ್ಪ:
ಒಂದು ಸೇರಿಸ್ತೀನಿ. ಇದು ಕಾಯೋದು ಸಪ್ಲೈ ವೈರ್ ಮಾತ್ರ. ಸಿಗ್ನಲ್ ವೈರ್‌ಗೆ 12 ವೋಲ್ಟ್ ತಾಗಿದರೆ ಊನೊ ಪಿನ್ ಸುಡುತ್ತೆ. ಅಲ್ಲಿ 10 ಕಿಲೋಓಮ್ ರೆಸಿಸ್ಟರ್ ಸೀರೀಸಲ್ಲಿ ಹಾಕಿ, ಪಿನ್ ಹತ್ತಿರ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಕೊಡಿ. ಏಪ್ರಿಲ್ ಗುಡುಗು ಮಳೆಗೆ ಟಿವಿಎಸ್ ಡಯೋಡ್ (ವೋಲ್ಟೇಜ್ ದಿಢೀರ್ ಏರಿದರೆ ತಡೆಯೋದು) ಬೇರೆಯೇ ಬೇಕು, ಈ ಐಸಿಯ ಮಿತಿ 45 ವೋಲ್ಟ್.

ಸಿದ್ದಾಪುರ:
ಹಾಕಿದೆ ಸರ್. ಎರಡೂ ಕಡೆ 4.9, ಗೇಜಿಗೂ ಬೋರ್ಡಿಗೂ ತಾಳೆ ಆಗ್ತಿದೆ. ಕೇಬಲ್ ತುದಿಯನ್ನ ಬೇಕಂತಲೇ ಶಾರ್ಟ್ ಮಾಡಿದೆ, ಬೋರ್ಡ್ ಅಲುಗಲಿಲ್ಲ.

ಮಡಿಕೇರಿ:
ಹಾಗಾದರೆ ಪ್ರೋಗ್ರಾಂಗೆ ಒಂದು ಸಾಲು ಸೇರಿಸಿ. ಪ್ರೆಶರ್ ಸೊನ್ನೆ ಇದ್ದರೂ 0.5 ವೋಲ್ಟ್ ಬರಲೇಬೇಕು. 0.25ಕ್ಕಿಂತ ಕೆಳಗಿಳಿದರೆ ಕೇಬಲ್ ಹೋಗಿದೆ ಅಂತ, ಪಂಪ್ ನಿಲ್ಲಿಸಿ.