ಮ್ಯಾಕ್3 ರೂಟರನ್ನು ಜಿಆರ್‌ಬಿಎಲ್‌ಗೆ ತರುವಾಗ ಯಾವ ಕ್ರಮದಲ್ಲಿ ಹೋಗಬೇಕು?

ಉದ್ಯಮಬಾಗ_ರೂಟರ್ (ಬೆಳಗಾವಿ):
ನಮಸ್ಕಾರ್ರೀ ಎಲ್ಲಾರಿಗೂ. 600×900 ಮಿಮೀ ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸೂ ಕೆತ್ತನೆ ಯಂತ್ರ) ಐತ್ರಿ, ಸಾಗವಾನಿ ಮತ್ತು ಎಂಡಿಎಫ್ ಕೆತ್ತನೆಗೆ. ಮೂರೂ ಅಕ್ಷಕ್ಕ 1605 ಬಾಲ್ ಸ್ಕ್ರೂ, 3 ಆಂಪಿಯರ್ ನೆಮಾ 23 ಮೋಟರ್, 24 ವೋಲ್ಟಿನ ಟಿಬಿ6560 ಬೋರ್ಡ್, ಪ್ಯಾರಲಲ್ ಪೋರ್ಟ್, ಎಕ್ಸ್‌ಪಿ ಮ್ಯಾಲ ಮ್ಯಾಕ್3 (ಮಷೀನ್ ನಡೆಸೂ ಪಿಸಿ ಸಾಫ್ಟ್‌ವೇರ್). 1.5 ಕಿಲೋವ್ಯಾಟ್ ಸ್ಪಿಂಡಲ್‌ಗೆ 230 ವೋಲ್ಟ್ ವಿಎಫ್‌ಡಿ (ಸ್ಪಿಂಡಲ್ ವೇಗ ಬದಲಿಸೂ ಡ್ರೈವ್). ಹಳೆ ಪಿಸಿ ಸಾಯಾಕ ಬಂದೈತಿ. ಆರ್ಡುಯಿನೊ ಯುನೊ ಮ್ಯಾಲ ಜಿಆರ್‌ಬಿಎಲ್ 1.1 (ಬೋರ್ಡಿನ್ಯಾಗ ಕೂತು ಮಷೀನ್ ನಡೆಸೂ ಸಾಫ್ಟ್‌ವೇರ್), ಮೂರು ಡಿಎಂ542 ಡ್ರೈವರ್, 36 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಬೇಕಂತೀನಿ. ಮೈಕ್ರೋಸ್ಟೆಪ್ (ಮೋಟರಿನ ಒಂದು ಹೆಜ್ಜೆಯ ಭಾಗ) ಈಗ 1/16, ರ‍್ಯಾಪಿಡ್ (ಕೆತ್ತದೆ ಸರಿಯೂ ವೇಗ) ನಿಮಿಷಕ್ಕ 3000 ಮಿಮೀ. ಎಮರ್ಜೆನ್ಸಿ ಬಟನ್ ಸದ್ಯ ಬೋರ್ಡಿನ ಇನ್‌ಪುಟ್ ಪಿನ್ನಿಗಷ್ಟ ಹೋಗೈತಿ. ಏನು ಮೊದಲು ಬದಲಿಸಲಿ? ಹಳೆ ಫೈಲ್ ಹಂಗ ಓಡತಾವೇನ್ರಿ?

ಪ್ಯಾನೆಲ್_ವೈರಿಂಗ್ (ಬಾಗಲಕೋಟೆ):
ಮೊದಲು ಬದಲಿಸಬೇಕಾದದ್ದು ಆ ಬಟನ್ ರೀ. ಡ್ರೈವರ್, ಸಾಫ್ಟ್‌ವೇರ್ ಎಲ್ಲಾ ಆಮೇಲೆ. ಪಿನ್ನಿಗೆ ಹೋದ ಬಟನ್ ಒತ್ತಿದಾಗ ಮಷೀನ್ ನಿಲ್ಲಬೇಕೋ ಬೇಡವೋ ಅಂತ ಸಾಫ್ಟ್‌ವೇರ್ ನಿರ್ಧರಿಸುತ್ತದೆ. ಅದು ಹ್ಯಾಂಗ್ ಆದ ಹೊತ್ತಲ್ಲೇ ನಿಮಗೆ ಬಟನ್ ಬೇಕಾಗಿರುತ್ತದೆ.

ಒಂದು 25 ಆಂಪಿಯರ್ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಎಳೆಯುವ ದೊಡ್ಡ ಸ್ವಿಚ್) ತಗೊಳ್ರಿ, 230 ವೋಲ್ಟ್ ಕಾಯಿಲ್‌ನದು. ಫೇಸ್ ಎಂಸಿಬಿಯಿಂದ ಮಶ್ರೂಮ್ ಬಟನ್ನಿನ ಎನ್‌ಸಿ (ಒತ್ತದಿದ್ದಾಗ ಕೂಡಿರುವ) ಸಂಪರ್ಕಕ್ಕೆ ಬರಲಿ, ಅಲ್ಲಿಂದ ಹಸಿರು ಪುಶ್ ಬಟನ್ನಿಗೆ, ಅಲ್ಲಿಂದ ಕಾಯಿಲ್‌ಗೆ. ಕಾಯಿಲಿನ ಇನ್ನೊಂದು ತುದಿ ನ್ಯೂಟ್ರಲ್‌ಗೆ. ಹಸಿರು ಬಟನ್ನಿಗೆ ಸಮಾನಾಂತರವಾಗಿ ಕಾಂಟ್ಯಾಕ್ಟರಿನ ಎನ್‌ಓ ಆಕ್ಸಿಲರಿ (ಕಾಂಟ್ಯಾಕ್ಟರ್ ಎಳೆದಾಗ ಮಾತ್ರ ಕೂಡುವ ಚಿಕ್ಕ ಸಂಪರ್ಕ) ಹಾಕ್ರಿ. ಇದರಿಂದ ಹೆಸ್ಕಾಂ ಕರೆಂಟ್ ಹೋಗಿ ಬಂದಾಗ ಸ್ಪಿಂಡಲ್ ತಾನಾಗಿ ತಿರುಗಲ್ಲ, ಮತ್ತೆ ಹಸಿರು ಒತ್ತಲೇಬೇಕು. ನಮ್ಮ ಕಡೆ ಕರೆಂಟ್ ಹೋಗಿ ಬರುವ ರೀತಿ ನೋಡಿದರೆ ಇದೊಂದೇ ಕಾರಣ ಸಾಕು.

ಕಾಂಟ್ಯಾಕ್ಟರಿನ ಔಟ್‌ಪುಟ್‌ನಿಂದ ಮೋಟರ್ ಎಸ್‌ಎಂಪಿಎಸ್ ಮತ್ತು ವಿಎಫ್‌ಡಿ ಇನ್‌ಪುಟ್ ಎರಡಕ್ಕೂ ಕೊಡ್ರಿ. ವಿಎಫ್‌ಡಿ ಮತ್ತು ಸ್ಪಿಂಡಲ್ ನಡುವಿನ ತಂತಿಯಲ್ಲಿ ಸ್ವಿಚ್ ಇಡಬೇಡ್ರಿ, ಓಡುವಾಗ ಅದು ಕಡಿದರೆ ವಿಎಫ್‌ಡಿಯ ಔಟ್‌ಪುಟ್ ಹೋಗುತ್ತದೆ. ಒಂದು ಮಾತು ನೆನಪಿರಲಿ: ಹೀಗೆ ಕಡಿದಾಗ ಬ್ರೇಕ್ ಇರುವುದಿಲ್ಲ. 24000 ಆರ್‌ಪಿಎಮ್‌ನಲ್ಲಿದ್ದ ಸ್ಪಿಂಡಲ್ ಸುತ್ತುತ್ತಲೇ ಹೋಗಿ ನಿಲ್ಲುತ್ತದೆ. ಪೂರ್ತಿ ನಿಲ್ಲುವ ತನಕ ಕೈ ಹಾಕಬಾರದು.

ಆರ್ಡುಯಿನೊಗೆ ಯುಎಸ್‌ಬಿ ಕರೆಂಟ್ ಇದ್ದೇ ಇರುತ್ತದೆ, ಮೋಟರ್ ಸತ್ತಿದ್ದು ಅದಕ್ಕೆ ಗೊತ್ತಾಗಲ್ಲ. ಕಾಂಟ್ಯಾಕ್ಟರಿನ ಎನ್‌ಸಿ ಆಕ್ಸಿಲರಿಯನ್ನು ಎ0 (ರಿಸೆಟ್) ಪಿನ್ ಮತ್ತು ಗ್ರೌಂಡ್ ನಡುವೆ ಹಾಕಿದರೆ ಜಿಆರ್‌ಬಿಎಲ್ ರಿಸೆಟ್ ಆಗುತ್ತದೆ. ಆಮೇಲೆ ಹೋಮಿಂಗ್ (ಲಿಮಿಟ್ ಸ್ವಿಚ್ ಮುಟ್ಟಿ ಮಷೀನಿನ ಸೊನ್ನೆ ಗುರುತಿಸುವುದು) ಮಾಡದೆ ಕೆಲಸ ಮುಂದುವರಿಸಬೇಡ್ರಿ. ಈ 230 ವೋಲ್ಟಿನ ಕೆಲಸ ಕೈಯಲ್ಲಿ ಪಳಗಿಲ್ಲದಿದ್ದರೆ ಪ್ಯಾನೆಲ್ ಕಟ್ಟುವವರನ್ನೇ ಕರೀರಿ. ಕವರ್ ತೆಗೆಯುವ ಮುಂಚೆ ಮೇನ್ ಆಫ್ ಮಾಡಿ 10 ನಿಮಿಷ ಬಿಡ್ರಿ, ಆಮೇಲೂ ವಿಎಫ್‌ಡಿಯ ಡಿಸಿ ಬಸ್ಸನ್ನು ಮೀಟರ್‌ನಿಂದ ಅಳೆದೇ ಮುಟ್ಟಬೇಕು.

ಸ್ಟೆಪ್_ಲೆಕ್ಕ (ವಿಜಯಪುರ):
ಬಟನ್ ಬಗ್ಗೆ ಅವರು ಹೇಳಿದ್ದಕ್ಕ ನಂದೂ ಪೂರ್ತಿ ಒಪ್ಪಿಗಿ ಅದರಿ. ಈಗ ಉಳಿದದ್ದು.

ಹಳೆ ಪಿಸಿ ಜೀವ ಇರೂತನಕ ಮ್ಯಾಕ್3 ಫೋಲ್ಡರ್ ಪೂರ್ತಿ ಕಾಪಿ ಮಾಡಿ ಇಟ್ಕೋರಿ, ಪ್ರೊಫೈಲಿನ ಎಕ್ಸ್‌ಎಂಎಲ್ ಫೈಲ್ ಅದರಾಗ ಇರತದ. ಮೋಟರ್ ಟ್ಯೂನಿಂಗ್ ಪರದೆಯ ಫೋಟೋ ಮೂರೂ ಅಕ್ಷಕ್ಕ ತೆಗೀರಿ. ಮಿಮೀ ಲೆಕ್ಕದಾಗ ಇದ್ದರ ಸ್ಟೆಪ್ಸ್ ಜಿಆರ್‌ಬಿಎಲ್ ಸೆಟ್ಟಿಂಗ್ $100ರಿಂದ $102ಕ್ಕ, ವೆಲಾಸಿಟಿ $110ರಿಂದ $112ಕ್ಕ, ಆಕ್ಸಲರೇಶನ್ $120ರಿಂದ $122ಕ್ಕ ಹೋಗತಾವ.

ಆದರ ಸ್ಟೆಪ್ಸ್ ಹಂಗ ಎತ್ತಿ ಇಡಬ್ಯಾಡ್ರಿ. ನಿಮ್ಮ 1/16 ಅಂದರ ಸುತ್ತಿಗೆ 3200 ಪಲ್ಸ್. 5 ಮಿಮೀ ಪಿಚ್‌ಗೆ ಭಾಗಿಸಿದರ ಮಿಮೀಗೆ 640. ನಿಮಿಷಕ್ಕ 3000 ಮಿಮೀ ಅಂದರ ಸೆಕೆಂಡಿಗೆ 50 ಮಿಮೀ, ಅಲ್ಲಿಗೆ 32000 ಪಲ್ಸ್ ಆತು. ಯುನೊ ಮ್ಯಾಲ ಜಿಆರ್‌ಬಿಎಲ್‌ನ ಮಿತಿ ಸುಮಾರು 30000. ಡಿಎಂ542ನ್ಯಾಗ ಸುತ್ತಿಗೆ 1600 ಇಡ್ರಿ, ಮಿಮೀಗೆ 320 ಬರತದ, ರ‍್ಯಾಪಿಡ್‌ನಾಗ 16000 ಪಲ್ಸ್. ಆರಾಮ ಓಡತದ. ಮೈಕ್ರೋಸ್ಟೆಪ್ ಹೆಚ್ಚಾದಷ್ಟು ನಿಖರತೆ ಹೆಚ್ಚತದ ಅನ್ನೂದು ಕಟ್ಟಿಗೆ ಕೆಲಸದಾಗ ನಿಲ್ಲಂಗಿಲ್ಲ.

ಕರೆಂಟ್ ಸ್ವಿಚ್ಚು ಪೀಕ್ 3.76, ಆರ್‌ಎಂಎಸ್ 2.69 ಕ್ಕ ಇಡ್ರಿ. ಮೊದಲ ಒಂದೇ ಡ್ರೈವರ್, ಒಂದೇ ಮೋಟರ್, ಸ್ಕ್ರೂದಿಂದ ಕಪ್ಲಿಂಗ್ ಬಿಚ್ಚಿ ಮೇಜಿನ ಮ್ಯಾಲ ತಿರುಗಿಸಿ ನೋಡ್ರಿ. ಪಲ್ಸ್ ತಂತಿ ಡಿ2, ಡಿ3, ಡಿ4. ದಿಕ್ಕಿಂದು ಡಿ5, ಡಿ6, ಡಿ7. ಮೈನಸ್ ತುದಿ ಎಲ್ಲಾ ಗ್ರೌಂಡಿಗೆ. ಎನೇಬಲ್ ಖಾಲಿ ಬಿಟ್ಟರೂ ಡ್ರೈವರ್ ಚಾಲೂ ಇರತದ. ಕರೆಂಟ್ ಇದ್ದಾಗ ಮೋಟರ್ ತಂತಿ ಕಿತ್ತರ ಡ್ರೈವರ್ ಹೋಗತದ, ಸಡಿಲ ಟರ್ಮಿನಲ್ ಇದ್ದರೂ ಅಷ್ಟ. ತಂತಿಗೆ ಫೆರೂಲ್ ಹಾಕಿ ಬಿಗೀರಿ.

ಪ್ಲಸ್ ತುದಿ ಕಾಮನ್ ಮಾಡಿದರ $2 (ಪಲ್ಸ್ ಉಲ್ಟಾ ಮಾಡೂ ಸೆಟ್ಟಿಂಗ್) ತಿರುವಬೇಕು. ಮರೆತರ ಮಷೀನ್ ಓಡತದ, ಆದರ ದಿಕ್ಕು ಬದಲಾದಾಗೆಲ್ಲ ಸ್ಟೆಪ್ ಜಾರಬಹುದು. ಸಣ್ಣ ಫೈಲಿನ್ಯಾಗ ಕಾಣಂಗಿಲ್ಲ, ತಾಸುಗಟ್ಟಲೆ ಓಡೂ ಉಬ್ಬು ಕೆತ್ತನೆ ಮಾತ್ರ ಒಂದ ಕಡೆ ಸರದಿರತದ. ಇದನ್ನ ಹುಡುಕೂದು ಭಾಳ ತ್ರಾಸ.

ಪೆಟ್ಟಿಗೆಗೆ ಫಿಲ್ಟರ್ ಇರೂ ಫ್ಯಾನ್ ಹಾಕ್ರಿ. ಬಿಸಿಲು 40 ಡಿಗ್ರಿ ದಾಟೂ ನಮ್ಮೂರಾಗ ಮುಚ್ಚಿದ ಪೆಟ್ಟಿಗೆ ಎಸ್‌ಎಂಪಿಎಸ್‌ಗೆ ದೊಡ್ಡ ಶತ್ರು, ಬೆಳಗಾವಿಯಾಗ ಕಟ್ಟಿಗೆ ಧೂಳಿಗಾದರೂ ಬೇಕು.

ಉದ್ಯಮಬಾಗ_ರೂಟರ್ (ಬೆಳಗಾವಿ):
ಭಾಳ ಉಪಕಾರ್ರೀ. ಸಿಎನ್‌ಸಿ ಶೀಲ್ಡ್ 3 (ಆರ್ಡುಯಿನೊ ಮ್ಯಾಲ ಕೂರೂ ಜೋಡಣೆ ಬೋರ್ಡ್) ಐತಿ, ಅದರ ಮ್ಯಾಲ ಬರೆದಂಗ ಜೋಡಿಸಿದೆ. ಝಡ್ ಲಿಮಿಟ್ (ಅಕ್ಷದ ತುದಿಯ ಸ್ವಿಚ್) ಕೆಲಸ ಮಾಡವಲ್ದು. ಸ್ಪಿಂಡಲ್ ಚಾಲೂ ಮಾಡಿದ ಕೂಡ್ಲೆ ಹಾರ್ಡ್ ಲಿಮಿಟ್ ಅಲಾರಮ್ ಬರತೈತಿ, ಯಾವ ಸ್ವಿಚ್ಚೂ ಒತ್ತಿಲ್ಲ.

ಪ್ಯಾನೆಲ್_ವೈರಿಂಗ್ (ಬಾಗಲಕೋಟೆ):
ಇವು ಎರಡು ಬೇರೆ ಬೇರೆ ದೋಷ. ಆ ಶೀಲ್ಡ್ ಮೇಲಿನ ಅಕ್ಷರ ಹಳೆಯ ಆವೃತ್ತಿಯದು. 1.1ರಲ್ಲಿ ಝಡ್ ಲಿಮಿಟ್ ಡಿ12ಕ್ಕೆ, ಸ್ಪಿಂಡಲ್ ಪಿಡಬ್ಲ್ಯುಎಂ (ವೇಗದ ಸಂಕೇತ) ಡಿ11ಕ್ಕೆ. ಅಂದರೆ ಝಡ್ ಸ್ವಿಚ್ಚನ್ನು 'ಸ್ಪಿಂಡಲ್ ಎನೇಬಲ್' ಅಂತ ಬರೆದಲ್ಲಿ ಚುಚ್ಚಬೇಕು.

ಅಲಾರಮ್ ವಿಎಫ್‌ಡಿ ಗದ್ದಲದ್ದು. ಲಿಮಿಟ್ ಸ್ವಿಚ್ ಎನ್‌ಸಿ ಆಗಿ ಜೋಡಿಸಿ $5=1 (ಲಿಮಿಟ್ ಪಿನ್ ಉಲ್ಟಾ) ಕೊಡ್ರಿ, ತಂತಿ ಕಡಿದರೂ ಮಷೀನ್ ನಿಲ್ಲುತ್ತದೆ. ಪ್ರತಿ ಇನ್‌ಪುಟ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. ಸ್ಪಿಂಡಲ್‌ಗೆ ಶೀಲ್ಡೆಡ್ ಕೇಬಲ್, ಶೀಲ್ಡನ್ನು ವಿಎಫ್‌ಡಿಯ ಅರ್ಥ್ ಟರ್ಮಿನಲ್‌ಗೆ ಕಟ್ಟಿ. ಲಿಮಿಟ್ ತಂತಿ ಅದರ ಪಕ್ಕದಲ್ಲಿ ಓಡಬಾರದು. ಸಾಲದಿದ್ದರೆ 24 ವೋಲ್ಟಿನ ಆಪ್ಟೊ ಬೋರ್ಡ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬೋರ್ಡ್) ಮೂಲಕ ತನ್ನಿ. ಗದ್ದಲ ತಪ್ಪಿಸಲು $21 (ಹಾರ್ಡ್ ಲಿಮಿಟ್) ಆಫ್ ಮಾಡಿ ಕೂರಬೇಡ್ರಿ.

ವಿಎಫ್‌ಡಿಯನ್ನು ಮಾತ್ರ ಫ್ಯಾಕ್ಟರಿ ರಿಸೆಟ್ ಮಾಡಬೇಡ್ರಿ. ಬೇಸ್ ಫ್ರೀಕ್ವೆನ್ಸಿ 400 ಹರ್ಟ್ಸ್ ಹೋಗಿ 50ಕ್ಕೆ ಬಂದರೆ ಸ್ಪಿಂಡಲ್ ಕಾಯಿಲ್ ಸುಡುತ್ತದೆ.

ಸ್ಟೆಪ್_ಲೆಕ್ಕ (ವಿಜಯಪುರ):
ಹಳೆ ಫೈಲಿನ ಪ್ರಶ್ನೆ ಉಳದದ. ಮ್ಯಾಕ್3 ಪೋಸ್ಟಿನ (ಆ ಕಂಟ್ರೋಲರಿಗೆ ತಕ್ಕ ಕೋಡ್ ಬರೆಯೂ ಕ್ಯಾಮ್ ಸೆಟ್ಟಿಂಗ್) ಫೈಲಿನ್ಯಾಗ ಜಿ43 (ಬಿಟ್ ಉದ್ದದ ಹೊಂದಾಣಿಕೆ), ಜಿ81ರಂಥ ಡ್ರಿಲ್ ಸೈಕಲ್, ಎಂ6 (ಬಿಟ್ ಬದಲಾವಣೆ) ಇದ್ದರ ಜಿಆರ್‌ಬಿಎಲ್ 'ಎರರ್:20' ಕೊಡತದ. ಕೈಯಿಂದ ಅಳಿಸೂದಕ್ಕಿಂತ ಕ್ಯಾಮ್‌ನಾಗ (ಕೆತ್ತನೆ ಫೈಲ್ ತಯಾರಿಸೂ ಸಾಫ್ಟ್‌ವೇರ್) ಜಿಆರ್‌ಬಿಎಲ್ ಪೋಸ್ಟ್ ಆರಿಸಿ ಹೊಸದಾಗಿ ತೆಗೀರಿ. ಎಂ6 ಅಷ್ಟೇ ಅಳಿಸಿದರ ಬಿಟ್ ಬದಲಾಗದ ಮುಂದಿನ ಕಟ್ ಓಡತದ. ಇನ್ನೊಂದು, ಹೋಮಿಂಗ್ ಆದಮ್ಯಾಲ ಜಿಆರ್‌ಬಿಎಲ್‌ನ ಮಷೀನ್ ಅಳತೆ ಮೈನಸ್ ಕಡೆ ಹೋಗತದ. ಹಳೆ ಫೈಲಿನ್ಯಾಗ ಜಿ53 (ಮಷೀನ್ ಅಳತೆಯ ಆದೇಶ) ಜೊತೆ ಪ್ಲಸ್ ಅಂಕಿ ಇದ್ದರ ತಿದ್ದಲೇಬೇಕು. $20 (ಸಾಫ್ಟ್ ಲಿಮಿಟ್) ಆನ್ ಇದ್ದರ ಅದು ಅಲಾರಮ್ ಕೊಟ್ಟು ನಿಲ್ಲತದ, ಇಲ್ಲಂದರ ಗ್ಯಾಂಟ್ರಿ ತುದಿಗೆ ಬಡೀತದ. ಮೊದಲ ಫೈಲನ್ನ ಬಿಟ್ ಇಲ್ಲದ, ಝಡ್ ಸೊನ್ನೆ ಹಲಗೆಗಿಂತ 50 ಮಿಮೀ ಮ್ಯಾಲ ಇಟ್ಟು, ರ‍್ಯಾಪಿಡ್ ಓವರ್‌ರೈಡ್ ಶೇ. 25 ಮಾಡಿ ಓಡಿಸ್ರಿ.