ದನ ಅಟ್ಟುವ ನಾಯಿಗೆ ವಯಸ್ಸಾಯಿತು: ಕೆಲಸ ಬಿಡಿಸಬೇಕಾ, ಬದಲಿಸಬೇಕಾ?

ಹುಲ್ಲುಗಾವಲು:
ಬಾರ್ಡರ್ ಕೋಲಿ, ಗಂಡು, 10 ವರ್ಷ, 21 ಕೆಜಿ. ಬೆಳಿಗ್ಗೆ ಏಳುವಾಗ ಹಿಂಗಾಲು ಬಿಗಿಯಾಗಿರುತ್ತೆ, ಸ್ವಲ್ಪ ಓಡಾಡಿದ ಮೇಲೆ ಸಡಿಲ ಆಗುತ್ತೆ. ಪಿಕಪ್‌ಗೆ ಹಾರೋಕೆ ಹಿಂದೆಮುಂದೆ ನೋಡುತ್ತೆ. ದೂರದಿಂದ ಶಿಳ್ಳೆ ಹಾಕಿದರೆ ಕೆಲವೊಮ್ಮೆ ತಿರುಗೋದೇ ಇಲ್ಲ. ದನ ಕಂಡರೆ ಮಾತ್ರ ಅದೇ ಹುರುಪು. ಪೂರ್ತಿ ಕೂರಿಸಿದರೆ ಬೇಗ ಕುಗ್ಗುತ್ತೆ ಅಂತಾರೆ, ಬಿಟ್ಟರೆ ಒದೆ ಬೀಳುವ ಭಯ. ಏನು ಮಾಡಬೇಕು? ನಾವು ತಗೊಳ್ಳುವ ನೋವಿನ ಮಾತ್ರೆ ಕೊಡಬಹುದಾ?

ಬೇಲಿಗೂಟ:
ಕಾಲಿಗಿಂತ ಮೊದಲು ಕಿವಿ ಪರೀಕ್ಷೆ ಮಾಡಿ. ವಯಸ್ಸಿನ ಕಿವುಡಿನಲ್ಲಿ ಸಾಮಾನ್ಯವಾಗಿ ಏರುಸ್ವರ ಮೊದಲು ಹೋಗುತ್ತೆ. ನೀವು ಮಾತು ಕೇಳ್ತಿಲ್ಲ ಅಂದುಕೊಂಡಿರೋದು ಬಹುಶಃ ಶಿಳ್ಳೆ ಕೇಳಿಸದೇ ಇರೋದು. ಬೆನ್ನ ಹಿಂದೆ ನಿಂತು, ನೆರಳು ಬೀಳದ ಹಾಗೆ, ಒಮ್ಮೆ ಶಿಳ್ಳೆ ಹಾಕಿ, ಒಮ್ಮೆ ದಪ್ಪ ದನಿಯಲ್ಲಿ ಕೂಗಿ. ದಪ್ಪ ದನಿಗೆ ಮಾತ್ರ ಕಿವಿ ನಿಮಿರಿದರೆ ತಗ್ಗು ಸ್ವರದ ಶಿಳ್ಳೆಗೆ ಬದಲಾಯಿಸಿ. ಜೊತೆಗೆ ಕೈಸನ್ನೆ ಈಗಲೇ ಕಲಿಸಿ. ಪೂರ್ತಿ ಕಿವುಡಾದ ಮೇಲೆ ಕಲಿಸೋದು ಬಹಳ ಕಷ್ಟ.

ಮೊದಲು ಬಿಡಿಸಬೇಕಾದ್ದು ದನ ಮುಂದೆ ಹೋಗಲಿ ಅಂತ ಅದರ ಹಿಮ್ಮಡಿ ಕಚ್ಚುವ ಕೆಲಸ. ಕಚ್ಚಿದ ತಕ್ಷಣ ನಾಯಿ ನೆಲಕ್ಕೆ ಒರಗಬೇಕು, ಆಗ ಗೊರಸು ಮೇಲಿಂದ ಹೋಗುತ್ತೆ. ಸೊಂಟ ಬಿಗಿದಿದ್ದರೆ ಅರೆ ಕ್ಷಣ ತಡ, ಒದೆ ನೇರ ದವಡೆಗೆ. ಇಕ್ಕಟ್ಟಾದ ದೊಡ್ಡಿ, ಎಳೆಗರು ಇರುವ ಹಸುಗಳು, ಇವೂ ಬೇಡ. ತೆರೆದ ಗೇಟಿನಲ್ಲಿ ತಡೆದು ನಿಲ್ಲೋದು, ಶಾಂತ ಹಿಂಡಿನ ಹಿಂದೆ ಗೊತ್ತಿರುವ ದಾರಿಯಲ್ಲಿ ನಡೆಯೋದು, ಇಷ್ಟು ಸಾಕು. ಮೊದಲಿಗಿಂತ ಹೆಚ್ಚು ಒದೆ ತಿನ್ನುತ್ತಿದೆ ಅಂತ ಕಂಡ ದಿನ ದನದ ಕೆಲಸ ಮುಗಿಯಿತು. ಹುರುಪು ನೋಡಿ ತೀರ್ಮಾನ ಮಾಡಬೇಡಿ, ಈ ತಳಿಗೆ ಅದು ಕೊನೆಯವರೆಗೂ ಇರುತ್ತೆ.

ಔಷಧಪೆಟ್ಟಿಗೆ:
ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಮುಟ್ಟಲೇಬೇಡಿ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ಹಾಳು. ದನಕ್ಕೆ ಅಂತ ಇಟ್ಟಿರುವ ನೋವಿನ ಮದ್ದು ಫ್ಲುನಿಕ್ಸಿನ್ ಕೂಡ ಬೇಡ. ನಾಯಿಗೆ ಸಾಮಾನ್ಯವಾಗಿ ಬರೆಯೋದು ಕಾರ್ಪ್ರೊಫೆನ್, ದಿನಕ್ಕೆ ಕೆಜಿಗೆ 4.4 ಮಿಗ್ರಾಂ, ಇಲ್ಲವೇ ಮೆಲಾಕ್ಸಿಕ್ಯಾಂ, ಮೊದಲ ದಿನ ಕೆಜಿಗೆ 0.2 ಮಿಗ್ರಾಂ, ಆಮೇಲೆ ದಿನಕ್ಕೆ 0.1 ಮಿಗ್ರಾಂ. ಎರಡೂ ಒಟ್ಟಿಗೆ ಅಲ್ಲ, ಸ್ಟೀರಾಯ್ಡ್ ಜೊತೆಗೂ ಅಲ್ಲ. ಲಿವರ್, ಕಿಡ್ನಿ ರಕ್ತಪರೀಕ್ಷೆ ಮಾಡಿಸಿಯೇ ಪಶುವೈದ್ಯರಿಂದ ಶುರು ಮಾಡಿಸಿ, ಆಮೇಲೂ ಆಗಾಗ ಮಾಡಿಸುತ್ತಿರಿ. ಊಟದ ಜೊತೆ ಕೊಡಿ. ವಾಂತಿಯಾದರೆ, ಊಟ ಬಿಟ್ಟರೆ, ಕಪ್ಪು ಮಲ ಕಂಡರೆ ನಿಲ್ಲಿಸಿ ಫೋನ್ ಮಾಡಿ.

ಎಡವಟ್ಟಾಗೋದು ಹೆಚ್ಚಾಗಿ ಸೆಕೆ ದಿನ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ಪ್ರೊಸ್ಟಗ್ಲಾಂಡಿನ್‌ಗಳನ್ನೇ ಈ ಮದ್ದು ತಡೆಯುತ್ತೆ. ಕೆಲಸಕ್ಕೆ ಮುಂಚೆ, ನಡುವೆ ನೀರು ಕುಡಿಸಿ. ಇನ್ನೊಂದು, ನೋವು ಮರೆತ ನಾಯಿ ಸವೆದ ಕೀಲಿನ ಮೇಲೆ ಮೊದಲಿನಂತೆಯೇ ಓಡುತ್ತೆ. ಮದ್ದು ಶುರುವಾದರೂ ಕೆಲಸದ ಮಿತಿ ಅದೇ ಇರಲಿ.

ನೀವು ಕೇಳಿಲ್ಲ, ಆದರೂ: ದನಕ್ಕೆ ಹುಳದ ಮದ್ದು ಐವರ್ಮೆಕ್ಟಿನ್ ಹಾಕುವ ದಿನ ನಾಯಿಯನ್ನು ಹತ್ತಿರ ಬಿಡಬೇಡಿ. ಕೋಲಿ ಗುಂಪಿನ ಹಲವು ನಾಯಿಗಳಲ್ಲಿ ಎಂಡಿಆರ್1 ಜೀನ್ ದೋಷ ಇರುತ್ತೆ, ಚೆಲ್ಲಿದ ಮದ್ದು ನೆಕ್ಕಿದರೂ ನರಕ್ಕೆ ಹೊಡೆಯಬಹುದು.

ತೂಕದಗುಂಡು:
ಮದ್ದಿಗಿಂತ ಹೆಚ್ಚು ಕೆಲಸ ಮಾಡೋದು ತೂಕ. ಕೆಲಸ ಇಳಿಸಿದ ವಾರವೇ ಊಟವನ್ನೂ ಇಳಿಸಿ, ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ. ಪಕ್ಕೆಲುಬು ಒತ್ತದೆಯೇ ಕೈಗೆ ಸಿಗಬೇಕು. 2002ರಲ್ಲಿ ಪ್ರಕಟವಾದ ಲ್ಯಾಬ್ರಡಾರ್ ಅಧ್ಯಯನದಲ್ಲಿ ಶೇ. 25 ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲುನೋವಿನ ಚಿಕಿತ್ಸೆಯೂ ತಡವಾಗಿ ಬೇಕಾಯಿತು.

ವಾರವಿಡೀ ಕಟ್ಟಿಹಾಕಿ ಒಂದೇ ದಿನ ದುಡಿಸೋದು ಎಲ್ಲಕ್ಕಿಂತ ಕೆಟ್ಟದ್ದು. ದಿನಾ 15–20 ನಿಮಿಷದ ನಡಿಗೆ ಎರಡು ಸಲ, ದನದ ಬಳಿ ಬಿಡುವ ಮುಂಚೆ ಹತ್ತು ನಿಮಿಷ ಹಗ್ಗದಲ್ಲಿ ನಡೆಸಿ. ಮಲಗೋಕೆ ಕಾಂಕ್ರೀಟು ಬೇಡ, ನೆಲದಿಂದ ಎತ್ತರದ ಒಣ ಹಾಸಿಗೆ.

ಹುಲ್ಲುಗಾವಲು:
ಪಿಕಪ್ ಎತ್ತರ 80 ಸೆಂ.ಮೀ. ಇಳಿಜಾರು ಹಲಗೆ ಎಷ್ಟು ಉದ್ದ ಬೇಕು?

ಬೇಲಿಗೂಟ:
ಎತ್ತರದ ಮೂರರಷ್ಟು, ಅಂದರೆ 2.4 ಮೀಟರ್. ಮೇಲೆ ಜಾರದ ರಬ್ಬರ್ ಮ್ಯಾಟ್ ಬಡಿಯಿರಿ. ಹತ್ತೋದಕ್ಕಿಂತ ಇಳಿಯುವಾಗ ಧುಮುಕೋದೇ ಮುಂಗಾಲಿಗೆ ಪೆಟ್ಟು, ಅದಕ್ಕೇ ಇಳಿಯುವಾಗ ಕಾಲರ್ ಹಿಡಿದುಕೊಳ್ಳಿ. ಬಿಟ್ಟುಹೋಗುವ ದಿನ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ನಾಯಿಯನ್ನು ಗೂಡಿಗೆ ಹಾಕಿ. ಕಿವಿ ಮಂದವಾದ ನಾಯಿ ಚಕ್ರದ ಪಕ್ಕಕ್ಕೇ ಓಡಿ ಬರುತ್ತೆ.