ಪದಚರ್ಚೆ: 'ಅಯಾನು ಚಾನೆಲ್' ಅನ್ನು ತೂಬು ಎನ್ನಬಹುದೇ?

ಗೆಳೆಯರೇ,

ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿರುವ ಕನ್ನಡ ಮಾಧ್ಯಮದ ಹುಡುಗಿಯರಿಗಾಗಿ ಮಾಸಿನ (ಗರ್ಭದಲ್ಲಿ ಮಗುವನ್ನು ಪೋಷಿಸುವ ಪ್ಲಾಸೆಂಟಾ) ರಕ್ತನಾಳಗಳ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು ವಿಷಯ. ಮೈಯ ಬೇರೆ ಕಡೆ ರಕ್ತನಾಳ ಬಿಗಿಯಾಗುವುದರಲ್ಲಿ ನರಗಳ ಪಾಲು ದೊಡ್ಡದು. ಮಾಸಿನಲ್ಲಿ ಮಗುವಿನ ಕಡೆಯ ನಾಳಗಳಿಗೆ ನರಗಳೇ ಇಲ್ಲ! ಅಲ್ಲೇ ತಯಾರಾಗುವ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳು, ಆಮ್ಲಜನಕದ ಮಟ್ಟ, ಇವೇ ನಾಳದ ಬಿಗಿಯನ್ನು ತೀರ್ಮಾನಿಸಬೇಕು. ಅದಕ್ಕೇ ನಾಳದ ಗೋಡೆಯ ಸ್ನಾಯುಕೋಶದ ಪೊರೆಯಲ್ಲಿದ್ದು ಅಯಾನುಗಳನ್ನು, ಅಂದರೆ ವಿದ್ಯುತ್ ಹೊತ್ತ ಕಣಗಳನ್ನು, ದಾಟಿಸುವ ಅಯಾನು ಚಾನೆಲ್‌ಗಳಿಗೆ ಇಲ್ಲಿ ಅಷ್ಟು ಮಹತ್ವ. ಪೊಟ್ಯಾಸಿಯಂ ಚಾನೆಲ್ ತೆರೆದರೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕೋಶದ ಒಳಗೆ ಋಣ ವಿದ್ಯುತ್ ಜಾಸ್ತಿಯಾಗುತ್ತದೆ. ಆಗ ಕ್ಯಾಲ್ಸಿಯಂ ಚಾನೆಲ್ ತೆರೆಯುವುದಿಲ್ಲ, ಸ್ನಾಯು ಸಡಿಲವಾಗಿ ನಾಳ ಅಗಲವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಕೆಲವು ಪೊಟ್ಯಾಸಿಯಂ ಚಾನೆಲ್‌ಗಳು ಮುಚ್ಚುತ್ತವೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ನಾಳ ಬಿಗಿಯುತ್ತದೆ.

ಈಗ ಪದ. ಬರಹಗಳಲ್ಲಿ 'ಅಯಾನು ವಾಹಿನಿ' ಅಂತ ಕಾಣುತ್ತದೆ. ರಕ್ತನಾಳವೂ 'ರಕ್ತವಾಹಿನಿ'ಯೇ. 'ರಕ್ತವಾಹಿನಿಯ ಅಯಾನು ವಾಹಿನಿ' ಎಂದರೆ ಓದುವವರು ಎಡವುತ್ತಾರೆ, ಅಲ್ವಾ? ಚಾನೆಲ್ ಅಂತಲೇ ಬಿಡೋಣ ಎಂದರೆ ನಮ್ಮ ಕಡೆ ಚಾನಲ್ ಎಂದರೆ ಭದ್ರಾ ಕಾಲುವೆ: ಉದ್ದಕ್ಕೆ ಹರಿಯುವಂಥದ್ದು. ಇದು ಹಾಗಲ್ಲ, ಪೊರೆಯಲ್ಲಿ ಕೂತು ತೆರೆದು ಮುಚ್ಚುವ ಪ್ರೋಟೀನು. ಕೆರೆ ಏರಿಯ ತೂಬಿನ ಹಾಗೆ. ಆದ್ದರಿಂದ 'ಪೊಟ್ಯಾಸಿಯಂ ತೂಬು', 'ಕ್ಯಾಲ್ಸಿಯಂ ತೂಬು' ಎನ್ನುವುದೇ ನನಗೆ ಸರಿಯೆನಿಸುತ್ತದೆ. ಗರ್ಭಿಣಿಯರ ಬಿಪಿಗೆ ಕೊಡುವ ನಿಫೆಡಿಪಿನ್ ಮಾತ್ರೆ ತಾಯಿಯ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ತೂಬನ್ನು ತಡೆಯುತ್ತದೆ ಎಂದು ಬರೆದರೆ ಹೆಚ್ಚು ವಿವರಣೆಯೇ ಬೇಕಿಲ್ಲ.

ಎರಡನೆಯದು 'ಟೋನ್'. ಇದು ಒತ್ತಡವಲ್ಲ, ಪೆಡಸುತನವೂ ಅಲ್ಲ. ಆರೋಗ್ಯವಾಗಿರುವ ನಾಳದಲ್ಲೂ ಸದಾ ಇರುವ ಹಿಡಿತ. 'ಬಿಗಿ' ಎಂದರೆ 'ಎದೆ ಬಿಗಿ' ಥರ ಕಾಯಿಲೆ ಅನ್ನಿಸಬಹುದು. 'ಹುರಿ' ಎನ್ನಲೇ? ಹುರಿಗಟ್ಟಿದ ಮೈ ಅನ್ನುತ್ತೇವಲ್ಲ. ಆದರೆ 'ನಾಳದ ಹುರಿ' ಎಂದರೆ ದಾರದ ಎಳೆ ಅಂದುಕೊಂಡಾರು. ಸದ್ಯಕ್ಕೆ 'ಸಹಜ ಬಿಗಿ' ಎಂದು ಬರೆದಿದ್ದೇನೆ.

ಚಿತ್ರದುರ್ಗ, ಹೊಳಲ್ಕೆರೆ ಕಡೆಯವರು ಇದಕ್ಕೆ ಬೇರೆ ಮಾತು ಬಳಸುತ್ತೀರಾ? ಶರೀರಶಾಸ್ತ್ರ ಕಲಿಸುವವರಿಗೆ 'ತೂಬು' ಒಪ್ಪಿಗೆಯೇ? ತಿಳಿಸಿ.